ಸೋತ ನಗರದ ದೇವರು

ನಮ್ಮ ಕರಾವಳಿಯ ತೆಕ್ಕಟ್ಟೆಯಿಂದ ಮೂಡಲಿಗೆ ಘಟ್ಟದ ಬುಡದವರೆಗೆ ಹೋದರೆ ಅಡಕೆಯ ಮರಗಳನ್ನು ತಬ್ಬಿ ಹಬ್ಬಿರುವ ಒಳ್ಳೆಮೆಣಸಿನ ಬಳ್ಳಿಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಪರದೇಶದ ಕೆಂಪುಮೆಣಸು ನಮ್ಮ ಅಡುಗೆಮನೆಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನಿಂದ ನಮ್ಮವರ ಖಾರವೆಂದರೆ ಇದೇ. ಪಶ್ಚಿಮಘಟ್ಟದ ಮಳೆಯನ್ನು ಕುಡಿದು ಬೆಳೆದ ಈ ಕಾಳು ಮುಸಿರಿ ಮೊದಲಾದ ಬಂದರುಗಳಿಂದ ಹಡಗನ್ನೇರಿ, ಕೆಂಪುಸಮುದ್ರವನ್ನು ದಾಟಿ, ಈಜಿಪ್ತದ ಮಾರ್ಗವಾಗಿ ರೋಮನ್ ಶ್ರೀಮಂತರ ಭೋಜನಕ್ಕೆ ಸಲ್ಲುತ್ತಿದ್ದಿತೆಂಬುದು ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲ ಮಾತು. ಆದರೆ ಕ್ರಿ.ಶ. 408ರಲ್ಲಿ, ಗಾಥರ ಅರಸನಾದ ಅಲಾರಿಕನು ರೋಮ್ ನಗರವನ್ನು ಮುತ್ತಿ, ಅನ್ನವಿಲ್ಲದೆ ಕಂಗೆಟ್ಟ ಪೌರರಿಂದ ಮುತ್ತಿಗೆಯನ್ನು ತೆಗೆಯುವುದಕ್ಕೆ ಬೆಲೆಯಾಗಿ 5000 ರಾತಲು ಚಿನ್ನ, 30,000 ರಾತಲು ಬೆಳ್ಳಿ, 4000 ರೇಷ್ಮೆಯ ಅಂಗಿಗಳು ಮತ್ತು 3000 ಕೆಂಬಣ್ಣದ ತೊಗಲುಗಳನ್ನು ಕೇಳಿದಾಗ, ಅವುಗಳ ಜೊತೆಗೆ 3000 ರಾತಲು ಒಳ್ಳೆಮೆಣಸನ್ನೂ ಕೇಳಿದನೆಂದು ಗ್ರೀಕ್ ಇತಿಹಾಸಕಾರ ಜೋಸಿಮಸನು ಬರೆದಿಟ್ಟಿರುವುದನ್ನು ಓದಿದಂದಿನಿಂದ, ಆ ದೂರದ ನಗರದ ಸೋಲು ನನಗೆ ಪರರ ಸಂಗತಿಯಾಗಿ ಉಳಿದಿಲ್ಲ.

ಆ ಬೆಲೆಯನ್ನು ತೆರುವುದಕ್ಕೆ ರೋಮಿನವರ ಬೊಕ್ಕಸದಲ್ಲಿ ಹಣವಿರಲಿಲ್ಲ. ಕೊರತೆಯನ್ನು ತುಂಬುವುದಕ್ಕಾಗಿ ಅವರು ತಮ್ಮ ಹಳೆಯ ದೇವತಾಮೂರ್ತಿಗಳ ಆಭರಣಗಳನ್ನು ಕಿತ್ತರು; ಚಿನ್ನ ಬೆಳ್ಳಿಗಳಿಂದಲೇ ಎರಕ ಹೊಯ್ದಿದ್ದ ಕೆಲವು ಮೂರ್ತಿಗಳನ್ನು ಕರಗಿಸಿಯೇ ಬಿಟ್ಟರು. ಹಾಗೆ ಮೂಸೆಗೆ ಬಿದ್ದವುಗಳಲ್ಲಿ ಅವರು ವಿರ್ತುಸ್ ಎಂದು ಕರೆಯುತ್ತಿದ್ದ ಶೌರ್ಯದೇವತೆಯೂ ಒಂದು. ಅಂದಿಗೆ ರೋಮನರಲ್ಲಿ ಉಳಿದಿದ್ದ ಶೌರ್ಯವೂ ಅದರೊಡನೆ ಆರಿಹೋಯಿತೆಂದು ಜೋಸಿಮಸನು ಮರುಗುತ್ತಾನೆ. ಎರಡು ವರ್ಷಗಳ ತರುವಾಯ, 410ರ ಆಗಸ್ಟ್ 24ರಂದು, ಅಲಾರಿಕನು ಮತ್ತೆ ಬಂದು, ಸಾಲಾರಿಯ ದ್ವಾರದಿಂದ ಒಳಹೊಕ್ಕು ಮೂರು ದಿನ ನಗರವನ್ನು ಸೂರೆಗೊಂಡನು. ಎಂಟುನೂರು ವರ್ಷಗಳಿಂದ ಪರರ ಸೈನ್ಯವು ಕಾಲಿಟ್ಟಿರದ ಬೀದಿಗಳವು. ಆಗ ಲೋಕದಲ್ಲೆಲ್ಲ ಎದ್ದ ಪ್ರಶ್ನೆ ಒಂದೇ: ನಗರವನ್ನು ಕಾಯಬೇಕಾಗಿದ್ದ ದೇವರು ಆ ರಾತ್ರಿ ಎಲ್ಲಿದ್ದನು?

ಗಾಥರು ದೇವರಿಲ್ಲದ ಕಾಡುಜನರೆಂದು ಎಣಿಸುವುದು ತಪ್ಪು. ಅವರೂ ಕ್ರೈಸ್ತರೇ; ಉಲ್ಫಿಲನೆಂಬ ಬಿಷಪನು ಅವರ ಭಾಷೆಗೆ ಲಿಪಿಯನ್ನು ಕಲ್ಪಿಸಿ ಬೈಬಲನ್ನು ಪರಿವರ್ತಿಸಿ ಕೊಟ್ಟಿದ್ದನು. ಕ್ರಿಸ್ತನು ಪಿತನಿಗೆ ಸಮನೇ ಅಧೀನನೇ ಎಂಬ ತತ್ತ್ವದಲ್ಲಿ ಮಾತ್ರ ಅವರು ಆರಿಯಸನ ಪಂಥದವರು. ಆ ಭೇದವು ನಮ್ಮ ಮತತ್ರಯಗಳ ವಾದವಿವಾದಗಳನ್ನು ಕೇಳಿ ಬೆಳೆದವರಿಗೆ ಅಪರಿಚಿತವೆನಿಸಲಾರದು. ಅವರು ಮೊದಲು ಶತ್ರುಗಳಾಗಿ ಬಂದವರೂ ಅಲ್ಲ. 376ರಲ್ಲಿ ಹೂಣರ ಹಾವಳಿಗೆ ಬೆದರಿ ದಾನ್ಯೂಬ್ ನದಿಯ ದಡದಲ್ಲಿ ನಿಂತು ಆಶ್ರಯವನ್ನು ಬೇಡಿದ ಆ ಜನರನ್ನು ಚಕ್ರವರ್ತಿಯು ಒಳಗೆ ಬಿಟ್ಟುಕೊಂಡನು. ಗಡಿಯ ಅಧಿಕಾರಿಗಳೋ, ಹಸಿದವರಿಗೆ ನಾಯಿಯ ಮಾಂಸವನ್ನು ಮಾರಿ, ಒಂದೊಂದು ನಾಯಿಗೆ ಒಬ್ಬೊಬ್ಬನನ್ನು ದಾಸನಾಗಿ ಬರೆಸಿಕೊಂಡರೆಂದು ಆ ಕಾಲದ ಸೈನಿಕನೂ ಇತಿಹಾಸಕಾರನೂ ಆದ ಅಮ್ಮಿಯಾನಸನೇ ಬರೆದಿದ್ದಾನೆ. ಅದರ ಫಲವಾಗಿ ಎರಡೇ ವರ್ಷಗಳಲ್ಲಿ ಹೇಡ್ರಿಯಾನೋಪಲಿನ ರಣರಂಗದಲ್ಲಿ ಚಕ್ರವರ್ತಿ ವಾಲೆನ್ಸನು ಮಡಿದನು. ಅವನ ಹೆಣವೂ ಸಿಕ್ಕಲಿಲ್ಲ. ಮುಂದೆ ಇಟಲಿಯನ್ನು ಗಾಥರಿಂದ ಕಾಪಾಡಿಕೊಂಡು ಬಂದ ಸೇನಾಪತಿ ಸ್ಟಿಲಿಖೋ, ತಂದೆಯ ಕಡೆಯಿಂದ ವಾಂಡಲನಾಗಿದ್ದವನು, ಆಸ್ಥಾನಿಕರ ಚಾಡಿಗೆ ತುತ್ತಾಗಿ 408ರಲ್ಲಿ ವಧೆಗೊಂಡನು. ಅದರ ಬೆನ್ನಿಗೇ ರೋಮಿನ ಸೇನೆಯಲ್ಲಿದ್ದ ಪರಜನಾಂಗದ ಸೈನಿಕರ ಹೆಂಡಿರುಮಕ್ಕಳನ್ನು ಇಟಲಿಯ ಊರೂರುಗಳಲ್ಲಿ ಕೊಂದರು. ಆ ದುಃಖದಿಂದ ಉರಿಯುತ್ತ ಮೂವತ್ತು ಸಾವಿರ ಮಂದಿ ಅಲಾರಿಕನನ್ನು ಸೇರಿದರು. ಕೋಟೆಯ ಕಲ್ಲನ್ನು ಒಳಗಿನವರೇ ಒಂದೊಂದಾಗಿ ಕಿತ್ತುಕೊಟ್ಟ ಮೇಲೆ ಹೊರಗಿನವರಿಗೆ ಮಾಡಲು ಉಳಿದಿದ್ದ ಕೆಲಸವು ಎಷ್ಟು?

ರೋಮಿನಲ್ಲಿ ಹಳೆಯ ದೇವತೆಗಳಿಗೆ ಬಲಿಪೂಜೆಗಳು ನಿಷಿದ್ಧವಾಗಿ ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ. ಆದಕಾರಣ ಪೂರ್ವಧರ್ಮದ ಅಭಿಮಾನಿಗಳು, ಕುಲದೇವತೆಗಳನ್ನು ಬಿಟ್ಟ ಪಾಪದಿಂದಲೇ ನಗರವು ಹಾಳಾಯಿತೆಂದು ದೂರಿದರು. ಆ ದೂರಿಗೆ ಉತ್ತರವಾಗಿ, ಆಫ್ರಿಕದ ಕಡಲತೀರದ ಹಿಪ್ಪೋ ಎಂಬ ಊರಿನ ಬಿಷಪನಾದ ಅಗಸ್ಟೀನನು 413ರಲ್ಲಿ ಬರೆಯತೊಡಗಿ 426ರ ವೇಳೆಗೆ ಮುಗಿಸಿದ ಇಪ್ಪತ್ತೆರಡು ಭಾಗಗಳ ಗ್ರಂಥವೇ ‘ದೇವನಗರಿ’. ಅದರ ಮೊದಲ ಭಾಗದಲ್ಲಿಯೇ ಅವನು ಎತ್ತುವ ಆಕ್ಷೇಪವು ಬಹಳ ಹರಿತವಾದುದು. ನಿಮ್ಮ ಗೃಹದೇವತೆಗಳು ಎಲ್ಲಿಂದ ಬಂದವು? ಸುಟ್ಟ ಟ್ರಾಯ್ ನಗರದಿಂದ ಈನಿಯಸನು ಹೊತ್ತು ತಂದವಲ್ಲವೇ? ತಮ್ಮ ಸ್ವಂತ ನಗರವನ್ನು ಕಾಯಲಾರದೆ, ಮನುಷ್ಯನ ಹೆಗಲೇರಿ ಓಡಿಬಂದ ಸೋತ ದೇವರುಗಳನ್ನು ನಿಮ್ಮ ನಗರದ ಕಾವಲಿಗೆ ಇಟ್ಟುಕೊಂಡದ್ದು ಯಾವ ವಿವೇಕ? ಇದು ಅವನ ವಾದದ ತಿರುಳು.

ನಮ್ಮ ಕರಾವಳಿಯಲ್ಲಿ ಹುಟ್ಟಿದವನು ಈ ಪ್ರಶ್ನೆಯನ್ನು ಓದಿ ಸುಮ್ಮನೆ ಪುಟ ಮಗುಚಲಾರನು. ನಾವು ನಿತ್ಯವೂ ನೆನೆಯುವ ಉಡುಪಿಯ ಕೃಷ್ಣನೂ ಮುಳುಗಿದ ನಗರದಿಂದ ಬಂದವನೇ. ರುಕ್ಮಿಣಿಯು ಪೂಜಿಸುತ್ತಿದ್ದ ಬಾಲಕೃಷ್ಣನ ಮೂರ್ತಿಯು ದ್ವಾರಕೆಯು ಕಡಲುಪಾಲಾದ ಮೇಲೆ ಗೋಪೀಚಂದನದ ಗಡ್ಡೆಯಲ್ಲಿ ಅಡಗಿ, ಹಡಗಿನ ತಳಭಾರವಾಗಿ ಬಂದು, ಮಲ್ಪೆಯ ಕಡಲಿನಲ್ಲಿ ಬಿರುಗಾಳಿಗೆ ಸಿಕ್ಕ ಆ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದಾಗ ಅವರ ಕೈಸೇರಿತೆಂಬುದು ನಮ್ಮ ಹಿರಿಯರು ನಂಬಿದ ಐತಿಹ್ಯ. ವಿಜಯನಗರದ ಕೃಷ್ಣನ ಕಥೆಯೋ ಇನ್ನೂ ಸ್ಪಷ್ಟವಾದುದು: ಕೃಷ್ಣದೇವರಾಯನು ಗಜಪತಿಯ ಉದಯಗಿರಿಯ ಕೋಟೆಯನ್ನು ಗೆದ್ದು, ಅಲ್ಲಿದ್ದ ಬಾಲಕೃಷ್ಣನ ಮೂರ್ತಿಯನ್ನು ತಂದು, 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠೆ ಮಾಡಿದನು. ಸೋತ ಕೋಟೆಯ ದೇವರು ಗೆದ್ದ ನಗರದ ದೇವರಾದನು. ಐವತ್ತು ವರ್ಷಗಳಲ್ಲಿ ಆ ನಗರವೂ ಸೋತಿತು. ಆ ಮೂರ್ತಿಯು ಭಿನ್ನವಾಗಿ ಈಗ ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ. ಅಗಸ್ಟೀನನ ಬಾಣವು ನಮಗೂ ತಾಗುವಂಥದೇ.

ಆದರೆ ಅದು ತಾಗಿಯೂ ನೆಡುವುದಿಲ್ಲವೆಂಬುದು ನನ್ನ ನಂಬಿಕೆ. ಕಾರಣವೇನೆಂದರೆ, ಈನಿಯಸನ ಕಥೆಯಲ್ಲಿ ದೇವರುಗಳು ತಮ್ಮ ನಗರವನ್ನು ಕಳೆದುಕೊಂಡವರು. ಮೌಸಲಪರ್ವದಲ್ಲಿ ಕೃಷ್ಣನು ತನ್ನ ನಗರವನ್ನು ತಾನೇ ಬಿಟ್ಟುಕೊಟ್ಟವನು. ಯಾದವರ ಮಕ್ಕಳು ಸಾಂಬನಿಗೆ ಬಸುರಿಯ ವೇಷ ಹಾಕಿ ಋಷಿಗಳನ್ನು ಹಾಸ್ಯಮಾಡಿದಾಗ, ಆ ಶಾಪದಿಂದ ಹುಟ್ಟಿದ ಒನಕೆಯ ಪುಡಿಯು ಕಡಲತಡಿಯಲ್ಲಿ ಜೊಂಡಾಗಿ ಬೆಳೆದಾಗ, ಪ್ರಭಾಸದಲ್ಲಿ ಕುಡಿದು ಮತ್ತರಾಗಿ ಆ ಜೊಂಡಿನಿಂದಲೇ ಒಬ್ಬರನ್ನೊಬ್ಬರು ಬಡಿದು ಕೊಂದುಕೊಂಡಾಗ, ಶಾಪವನ್ನು ಅನ್ಯಥಾ ಮಾಡಬಲ್ಲವನಾಗಿದ್ದ ಅವನು ಅದನ್ನು ಮಾಡಲಿಲ್ಲ. ಯಾರ ಬಲಕ್ಕೆ ಲೋಕವೇ ನಡುಗುತ್ತಿತ್ತೋ ಆ ತನ್ನ ಕುಲವು ಲೋಕಕ್ಕೆ ಭಾರವಾದುದನ್ನು ಕಂಡು, ಪಕ್ಷಪಾತವಿಲ್ಲದೆ ಅದರ ಅಂತ್ಯವನ್ನು ಒಪ್ಪಿದನು. ನಮ್ಮ ಕಡೆಯ ತಾಳಮದ್ದಲೆಗಳಲ್ಲಿ ಶ್ರೀಕೃಷ್ಣ ಪರಂಧಾಮದ ಪ್ರಸಂಗವು ಬಂದಾಗ ಬಲ್ಲ ಅರ್ಥಧಾರಿಗಳು ತಮ್ಮ ಶಕ್ತಿಯನ್ನೆಲ್ಲ ಇಲ್ಲಿಯೇ ಸುರಿಯುತ್ತಾರೆ. ಮಳೆಗಾಲದ ರಾತ್ರಿ ಹೊರಗೆ ಕಡಲು ಮೊರೆಯುತ್ತಿರುವಾಗ ಅದನ್ನು ಕೇಳಿದವರಿಗೆ, ದೇವರು ಯಾವ ಊರಿನ ಕೋಟೆಗೂ ಕೂಲಿಯ ಕಾವಲುಗಾರನಲ್ಲವೆಂಬ ತತ್ತ್ವವನ್ನು ಬೇರೊಬ್ಬರು ಬೋಧಿಸಬೇಕಾಗಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೆ ನಿಂತಿತು, ಉಳಿದ ಪರ್ವಗಳನ್ನು, ಆದುದರಿಂದ ದ್ವಾರಕೆಯ ಮುಳುಗಡೆಯನ್ನು, ಕನ್ನಡದ ಷಟ್ಪದಿಗೆ ತಂದವನು ತಿಮ್ಮಣ್ಣ ಕವಿ, ಬರೆಯಿಸಿದವನು ಕೃಷ್ಣದೇವರಾಯ. ವಿಜಯನಗರದ ವೈಭವವು ತುತ್ತತುದಿಯಲ್ಲಿದ್ದಾಗ, ಕೃಷ್ಣನ ಹೆಸರನ್ನೇ ಹೊತ್ತ ಅರಸನು, ಕೃಷ್ಣನ ನಗರವು ನೀರಿನಲ್ಲಿ ಅಡಗಿದ ಕಥೆಯನ್ನು ತನ್ನ ಆಸ್ಥಾನದಲ್ಲಿ ಬರೆಯಿಸಿದನು. ಕುರುಕ್ಷೇತ್ರಕ್ಕೆ ಮೂವತ್ತಾರು ವರ್ಷಗಳು ತುಂಬಿದಾಗ ಯಾದವರ ನಾಶವೆಂದು ಭಾರತದ ಲೆಕ್ಕ. ಕೃಷ್ಣದೇವರಾಯನು ತೀರಿದ 1529ರಿಂದ 1565ರವರೆಗೆ ಮೂವತ್ತಾರೇ ವರ್ಷಗಳು. ಇದು ಕಾಕತಾಳೀಯವೆಂದು ಬುದ್ಧಿಗೆ ಗೊತ್ತು. ಆದರೂ ಮನಸ್ಸು ಒಂದು ಗಳಿಗೆ ಅಲ್ಲಿ ನಿಲ್ಲುತ್ತದೆ.

1565ರ ಜನವರಿಯಲ್ಲಿ ಕೃಷ್ಣೆಯ ತೀರದಲ್ಲಿ ವಿಜಯನಗರದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದ ರಾಮರಾಯನು ಯುದ್ಧದಲ್ಲಿ ತಲೆಯನ್ನು ಕಳೆದುಕೊಂಡ ಸುದ್ದಿಯು ಬಂದೊಡನೆ, ಅವನ ತಮ್ಮ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಗೆ ಹೊರಟುಹೋದನು. ತಿಂಗಳುಗಟ್ಟಲೆ ಸೂರೆ ನಡೆಯಿತು. 1567ರಲ್ಲಿ ಆ ನಗರಕ್ಕೆ ಬಂದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕನು, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ, ಒಳಗೆ ಹುಲಿಗಳು ವಾಸಮಾಡುತ್ತವಂತೆ ಎಂದು ಬರೆದನು. ರಾಮರಾಯನ ಸೇನೆಯ ಇಬ್ಬರು ಮುಸಲ್ಮಾನ ಸೇನಾನಿಗಳು ಯುದ್ಧದ ನಡುವೆ ತಿರುಗಿಬಿದ್ದರೆಂದು ಅವನೇ ಹೇಳುತ್ತಾನೆ. ಆ ಮಾತನ್ನೇ ಹಿಡಿದು ಇಡೀ ಸೋಲನ್ನು ಪರಧರ್ಮದವರ ದ್ರೋಹವೆಂದು ಮುಗಿಸುವವರುಂಟು. ಅದು ನ್ಯಾಯವಲ್ಲ. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಇಪ್ಪತ್ತು ವರ್ಷ ಆಡಿದ ಆಟವು, ತನ್ನನ್ನು ತಂದೆಯೆಂದು ಕರೆದ ಬಿಜಾಪುರದ ಅಲೀ ಆದಿಲಶಾಹನನ್ನೂ ಕಡೆಗೆ ಶತ್ರುವನ್ನಾಗಿ ಮಾಡಿಕೊಂಡ ಗರ್ವವು, ನಿಜವಾದ ಅರಸನಾದ ಸದಾಶಿವರಾಯನನ್ನು ಸೆರೆಯಾಳಿನಂತೆ ಇಟ್ಟ ಅನ್ಯಾಯವು ರಾಮರಾಯನವೇ ಆಗಿದ್ದವು. ಐದನೆಯ ಶತಮಾನದಲ್ಲಿ ಗಾಲ್ ದೇಶದ ಸಾಲ್ವಿಯಾನನೆಂಬ ಪಾದ್ರಿಯು ತನ್ನ ರೋಮನರಿಗೆ ಹೇಳಿದುದೂ ಇದನ್ನೇ: ತೆರಿಗೆಯ ಬಾಧೆಯನ್ನು ತಾಳಲಾರದೆ ನಿಮ್ಮ ಬಡವರು ಗಾಥರ ಆಳ್ವಿಕೆಗೆ ಓಡಿಹೋಗುತ್ತಿರುವಾಗ, ದೇವರು ನಮ್ಮನ್ನೇಕೆ ಕೈಬಿಟ್ಟನೆಂದು ಕೇಳಲು ನಿಮಗೆ ಬಾಯಿ ಹೇಗೆ ಬರುತ್ತದೆ? ಸ್ವಜನರಿಗೆ ಹೀಗೆ ಹೇಳುವುದಕ್ಕೆ ಬೇಕಾದ ಧೈರ್ಯವು ಸೇನಾಪತಿಯ ಧೈರ್ಯಕ್ಕಿಂತ ದೊಡ್ಡದು.

ಹಂಪೆಯಲ್ಲಿ ವಿಠ್ಠಲನ ಗುಡಿಯು ಶಿಲ್ಪವೈಭವದಿಂದ ಬೆರಗುಗೊಳಿಸುತ್ತದೆ, ಗರ್ಭಗೃಹದಲ್ಲಿ ದೇವರಿಲ್ಲ. ವಿರೂಪಾಕ್ಷನಿಗೆ ಇಂದಿಗೂ ತ್ರಿಕಾಲಪೂಜೆಯುಂಟು. ಹಾಗೆಂದು, ವಿರೂಪಾಕ್ಷನು ತನ್ನನ್ನು ಕಾಪಾಡಿಕೊಂಡನು, ವಿಠ್ಠಲನು ಕಾಪಾಡಿಕೊಳ್ಳಲಿಲ್ಲ ಎಂದು ನುಡಿಯುವ ಭಕ್ತನಾರು? ಪೀಟರ್ ಮತ್ತು ಪಾಲ್ ಸಂತರ ಇಗರ್ಜಿಗಳಲ್ಲಿ ಮರೆಹೊಕ್ಕವರನ್ನು ಅಲಾರಿಕನು ಮುಟ್ಟಲಿಲ್ಲವೆಂಬ ಸಂಗತಿಯನ್ನು ಅಗಸ್ಟೀನನು ತನ್ನ ಮತದ ಮಹಿಮೆಗೆ ಸಾಕ್ಷಿಯಾಗಿ ಹಿಡಿಯುತ್ತಾನೆ. ಆ ಮಹಾಮತಿಯ ಗ್ರಂಥದಲ್ಲಿ ನನಗೆ ದುರ್ಬಲವೆಂದು ತೋರುವ ಎಡೆ ಅದು. ಇಗರ್ಜಿಯ ಬಾಗಿಲನ್ನು ಮುಟ್ಟುವುದಕ್ಕೆ ಮೊದಲೇ ಬೀದಿಯಲ್ಲಿ ಬಿದ್ದವರ ದೇವರು ಯಾರು?

ಅವನ ಗ್ರಂಥದಲ್ಲಿ ನಾನು ತಲೆಬಾಗುವ ಎಡೆ ಬೇರೆ. ಆ ಮೂರು ದಿನಗಳಲ್ಲಿ ಮಾನಭಂಗಕ್ಕೆ ಒಳಗಾದ ಸ್ತ್ರೀಯರನ್ನು ಲೋಕವು ಹಂಗಿಸುತ್ತಿತ್ತು. ಮಾನವಂತೆಯಾಗಿದ್ದರೆ ಪುರಾತನದ ಲುಕ್ರೀಶಿಯಳಂತೆ ಪ್ರಾಣವನ್ನು ಬಿಡುತ್ತಿದ್ದಳೆಂದು ರೋಮನರ ರೂಢಿಯ ಮಾತು. ಅಗಸ್ಟೀನನು ಆ ರೂಢಿಗೆ ಎದುರಾಗಿ ನಿಂತು, ಪಾವಿತ್ರ್ಯವು ಸಂಕಲ್ಪದ ಗುಣವೇ ಹೊರತು ದೇಹಕ್ಕೆ ಪರರು ಮಾಡಿದುದರಿಂದ ಕೆಡುವಂಥದಲ್ಲ, ದೋಷವು ಮಾಡಿದವನದು, ಅನುಭವಿಸಿದವಳದಲ್ಲ, ಅವಳು ಸಾಯಬೇಕಾಗಿಲ್ಲ ಎಂದು ಬಿಷಪನ ಪೀಠದಿಂದ ತೀರ್ಪಿತ್ತನು. ಇದನ್ನು ಓದುವಾಗಲೆಲ್ಲ ನನಗೆ ಮೌಸಲಪರ್ವದ ಕೊನೆಯ ದೃಶ್ಯವು ನೆನಪಾಗುತ್ತದೆ. ಕೃಷ್ಣನಿಲ್ಲದ ದ್ವಾರಕೆಯಿಂದ ಸ್ತ್ರೀಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟ ಅರ್ಜುನನ ಮೇಲೆ, ಪಂಚನದದ ಬಳಿ, ದೊಣ್ಣೆಗಳನ್ನು ಹಿಡಿದ ಆಭೀರರು ಬಿದ್ದರು. ಗಾಂಡೀವಕ್ಕೆ ಹೆದೆಯೇರಿಸಲು ಕೈ ನಡುಗಿತು, ಅಸ್ತ್ರಮಂತ್ರಗಳು ನೆನಪಿಗೆ ಬರಲಿಲ್ಲ, ಕಣ್ಣೆದುರಿಗೇ ಸ್ತ್ರೀಯರ ಅಪಹಾರವಾಯಿತು. ವ್ಯಾಸರ ಆಶ್ರಮಕ್ಕೆ ಬಂದು ಅತ್ತ ಅರ್ಜುನನಿಗೆ ದೊರೆತ ಉತ್ತರವು ಕಾಲವೆಂಬುದೊಂದೇ. ವಿಷ್ಣುಪುರಾಣವು ಇನ್ನೂ ಮುಂದೆ ಹೋಗಿ, ಆ ಸ್ತ್ರೀಯರು ಹಿಂದೆ ಅಪ್ಸರೆಯರಾಗಿದ್ದಾಗ ಅಷ್ಟಾವಕ್ರನ ವಕ್ರದೇಹವನ್ನು ಕಂಡು ನಕ್ಕ ಕಾರಣ ದಸ್ಯುಗಳ ಕೈಗೆ ಬೀಳುವಂತೆ ಶಾಪವಾಗಿತ್ತೆಂದು ಸಮಾಧಾನ ಹೇಳುತ್ತದೆ. ಪುರಾಣವನ್ನು ಶ್ರದ್ಧೆಯಿಂದ ಓದುವವನಾಗಿಯೂ ನಾನು ಈ ಸಮಾಧಾನವನ್ನು ಒಪ್ಪಲಾರೆ. ಕರ್ಮಸಿದ್ಧಾಂತವು ನನ್ನ ಕಷ್ಟವನ್ನು ನಾನು ತಾಳಿಕೊಳ್ಳುವುದಕ್ಕೆ ಇರುವ ಊರುಗೋಲು; ಪರರ ಕಷ್ಟದ ಮೇಲೆ ಅದನ್ನು ಬೀಸಿದೊಡನೆ ಅದು ದೊಣ್ಣೆಯಾಗುತ್ತದೆ. ಈಶ್ವರನಿಗೆ ವೈಷಮ್ಯವಿಲ್ಲ, ನಿರ್ದಯತೆಯಿಲ್ಲ, ಅವನು ಕರ್ಮವನ್ನು ಅಪೇಕ್ಷಿಸಿಯೇ ಫಲವನ್ನೀಯುತ್ತಾನೆಂದು ಬ್ರಹ್ಮಸೂತ್ರಕಾರರು ನಿರ್ಣಯಿಸಿದುದು ಈಶ್ವರನನ್ನು ದೂಷಣೆಯಿಂದ ಬಿಡಿಸುವುದಕ್ಕಾಗಿ. ನೊಂದವಳನ್ನು ದೂಷಿಸುವುದಕ್ಕಾಗಿ ಅಲ್ಲ. ಈ ಒಂದು ವಿಷಯದಲ್ಲಿ ಹಿಪ್ಪೋದ ಬಿಷಪನು ನಮ್ಮ ಪುರಾಣಿಕನಿಗಿಂತ ಮೇಲು.

ಅವನ ಪರೀಕ್ಷೆಯೂ ಮುಗಿದಿರಲಿಲ್ಲ. 406ರ ಕೊನೆಯ ದಿನ ರೈನ್ ನದಿಯನ್ನು ದಾಟಿದ ವಾಂಡಲರು ಗಾಲ್ ಮತ್ತು ಸ್ಪೇನ್ ದೇಶಗಳನ್ನು ತುಳಿದು 429ರಲ್ಲಿ ಗೈಸೆರಿಕನ ನಾಯಕತ್ವದಲ್ಲಿ ಆಫ್ರಿಕಕ್ಕೆ ಇಳಿದರು. ಮರುವರ್ಷ ಅವರು ಹಿಪ್ಪೋವನ್ನು ಮುತ್ತಿದಾಗ, ಊರೊಳಗೆ, ಎಪ್ಪತ್ತೈದು ವಯಸ್ಸಿನ ಅಗಸ್ಟೀನನು ಜ್ವರದಿಂದ ಮಲಗಿ, ಪಶ್ಚಾತ್ತಾಪದ ಕೀರ್ತನೆಗಳನ್ನು ಗೋಡೆಗೆ ಅಂಟಿಸಿಕೊಂಡು ಓದುತ್ತ ಆಗಸ್ಟ್ 28ರಂದು ಕಣ್ಮುಚ್ಚಿದನು. 439ರಲ್ಲಿ ಕಾರ್ಥೇಜು ಬಿದ್ದಿತು. ರೋಮಿಗೆ ಗೋದಿಯನ್ನು ಕಳುಹಿಸುತ್ತಿದ್ದ ಕಣಜವೇ ವಾಂಡಲರ ನೌಕಾನೆಲೆಯಾಯಿತು. (ವಿಜಯನಗರದ ಬಲ ಕುಂದಿದೊಡನೆ, 1569ರಲ್ಲಿ, ಅಕ್ಕಿಯ ಮುಡಿಗಳಿಗೆ ಹೆಸರಾದ ನಮ್ಮ ಬಸರೂರಿನ ಮೇಲೆ ಪೋರ್ಚುಗೀಸರು ಬಿದ್ದು ಕೋಟೆಯನ್ನು ಹಿಡಿದುದಕ್ಕೆ ಕಾರಣವೂ ಕಣಜವೇ, ಹಡಗಿನಲ್ಲಿ ಬರುವವನ ಕಣ್ಣು ಮೊದಲು ಅನ್ನದ ಮೇಲೆ.) 455ರ ಜೂನ್ ತಿಂಗಳಿನಲ್ಲಿ ಗೈಸೆರಿಕನು ರೋಮಿಗೆ ಬಂದು ಹದಿನಾಲ್ಕು ದಿನ ನಿಧಾನವಾಗಿ ಸೂರೆಮಾಡಿದನು. ಕೊಲೆ ಬೆಂಕಿಗಳು ಬೇಡವೆಂದು ಪೋಪ್ ಲಿಯೋ ಬೇಡಿಕೊಂಡುದಕ್ಕೆ ಅವನು ಬಹುಮಟ್ಟಿಗೆ ಬೆಲೆ ಕೊಟ್ಟನೆಂದು ಹೇಳುವುದುಂಟು. ಕಂಡದ್ದನ್ನೆಲ್ಲ ಹಾಳುಗೆಡಹುವವನಿಗೆ ಐರೋಪ್ಯರು ವಾಂಡಲನೆಂದು ಹೆಸರಿಟ್ಟುದು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ರೂಢಿಗೆ ಬಂದ ಮಾತು. ಆ ಜನಾಂಗಕ್ಕೆ ಅದು ಪೂರ್ಣ ನ್ಯಾಯವಲ್ಲ.

ಆ ಸೂರೆಯ ಹಡಗುಗಳಲ್ಲಿ ಎರಡು ಬಗೆಯ ಸರಕಿತ್ತು. ಒಂದು, 70ರಲ್ಲಿ ಟೈಟಸನು ಜೆರುಸಲೇಮಿನ ದೇವಾಲಯವನ್ನು ಕೆಡವಿ ರೋಮಿಗೆ ಹೊತ್ತು ತಂದಿದ್ದ ಯೆಹೂದ್ಯರ ಪೂಜಾಪಾತ್ರೆಗಳು. ಗೆದ್ದವನ ಕೈಯಿಂದ ಗೆದ್ದವನ ಕೈಗೆ ದಾಟುತ್ತ ಅವು ಈಗ ಕಾರ್ಥೇಜಿಗೆ ಹೊರಟಿದ್ದವು. ಇನ್ನೊಂದು, ಸಾವಿರಾರು ಮಂದಿ ಸೆರೆಯಾಳುಗಳು. ದಡದಲ್ಲಿ ಅವರನ್ನು ಹಂಚಿಕೊಳ್ಳುವಾಗ ಗಂಡನಿಂದ ಹೆಂಡತಿಯೂ ತಾಯಿತಂದೆಗಳಿಂದ ಮಕ್ಕಳೂ ಬೇರೆಯಾಗುತ್ತಿದ್ದರು. ಕಾರ್ಥೇಜಿನ ಬಿಷಪನಾಗಿದ್ದ ದೇವೊಗ್ರಾಟಿಯಾಸನೆಂಬ ವೃದ್ಧನು ಆಗ ತನ್ನ ಇಗರ್ಜಿಯ ಚಿನ್ನ ಬೆಳ್ಳಿಯ ಪೂಜಾಪಾತ್ರೆಗಳನ್ನೆಲ್ಲ ಮಾರಿ ಅವರನ್ನು ಬಿಡಿಸಿದನು. ತಂಗಲು ಎಡೆಯಿಲ್ಲದ ಅವರಿಗಾಗಿ ಎರಡು ದೊಡ್ಡ ಇಗರ್ಜಿಗಳಲ್ಲಿ ಹುಲ್ಲಿನ ಹಾಸಿಗೆಗಳನ್ನು ಹಾಸಿಸಿದನು. ರಾತ್ರಿಯ ಹೊತ್ತು ತಾನೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ರೋಗಿಗಳನ್ನು ವಿಚಾರಿಸಿದನು. ರೋಮಿನಲ್ಲಿ ಶೌರ್ಯದೇವತೆಯು ಮೂಸೆಗೆ ಬಿದ್ದದ್ದು ಭಯದಿಂದ. ಇಲ್ಲಿ ದೇವರ ಪಾತ್ರೆಗಳು ಹೋದದ್ದು ಕರುಣೆಯಿಂದ. ದೇವರು ಎಲ್ಲಿದ್ದನೆಂಬ ಪ್ರಶ್ನೆಗೆ ಆ ಶತಮಾನದಲ್ಲಿ ನನಗೆ ಕಾಣುವ ನೇರವಾದ ಉತ್ತರವು ‘ದೇವನಗರಿ’ಯ ಇಪ್ಪತ್ತೆರಡು ಭಾಗಗಳಲ್ಲಿಲ್ಲ, ಆ ಹುಲ್ಲಿನ ಹಾಸಿಗೆಗಳ ಸಾಲಿನಲ್ಲಿದೆ.

ಅಂಥದೇ ಉತ್ತರವೊಂದು ನಮ್ಮ ನೆರೆಯಲ್ಲಿಯೂ ಉಂಟು. ತೆಕ್ಕಟ್ಟೆಗೆ ಸಮೀಪದಲ್ಲಿ, ಕುಂಭಾಶಿಯ ಬಳಿ, ಹೂವಿನಕೆರೆಯೆಂಬ ಗ್ರಾಮವಿದೆ. ಮಾಧ್ವಯತಿಗಳಾದ ವಾದಿರಾಜರು ಜನಿಸಿದ ಊರು ಅದು. ಸಂಪ್ರದಾಯದಂತೆ ಅವರ ಜನನ 1480, ವೃಂದಾವನಪ್ರವೇಶ 1600. ನೂರಿಪ್ಪತ್ತು ವರ್ಷಗಳ ಆ ಬಾಳು ವಿಜಯನಗರದ ಉತ್ಕರ್ಷವನ್ನೂ ಪತನವನ್ನೂ ಪತನಾನಂತರದ ಮೂವತ್ತೈದು ವರ್ಷಗಳನ್ನೂ ಒಳಗೊಂಡಿತು. ಸಂಸ್ಕೃತದಲ್ಲಿ ‘ಯುಕ್ತಿಮಲ್ಲಿಕಾ’ದಂತಹ ವಾದಗ್ರಂಥವನ್ನು ರಚಿಸಿದ ಅವರು, ಕನ್ನಡದಲ್ಲಿ ನಮ್ಮ ಹೆಂಗಸರು ಮದುವೆಮನೆಗಳಲ್ಲಿ ಹಾಡುವ ‘ಲಕ್ಷ್ಮೀಶೋಭಾನೆ’ಯನ್ನೂ ರಚಿಸಿದರು. ಉಡುಪಿಯಲ್ಲಿ ಎಂಟು ಮಠಗಳು ಎರಡೆರಡು ತಿಂಗಳಿಗೆ ಬದಲಾಯಿಸಿಕೊಳ್ಳುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು ಎರಡು ವರ್ಷಗಳ ಪರ್ಯಾಯವನ್ನಾಗಿ ಮಾಡಿದವರೂ ಅವರೇ. ಆ ಪರ್ಯಾಯದಲ್ಲಿ ಒಬ್ಬ ಯತಿಯು ಇನ್ನೊಬ್ಬ ಯತಿಗೆ ಒಪ್ಪಿಸುವ ಮುಖ್ಯ ವಸ್ತುಗಳು ಯಾವುವು? ಖಡ್ಗವಲ್ಲ, ಕಿರೀಟವಲ್ಲ, ಅಕ್ಷಯಪಾತ್ರೆ ಮತ್ತು ಸಟ್ಟುಗ, ಅದರೊಡನೆ ಗರ್ಭಗುಡಿಯ ಬೀಗದಕೈ. ಬಂದವರಿಗೆ ಅನ್ನವನ್ನು ಬಡಿಸುವ ಹೊಣೆಯೇ ಅಲ್ಲಿಯ ಪಟ್ಟಾಭಿಷೇಕ.

ಆ ಎರಡು ವರ್ಷಗಳ ಸರದಿಯು ಸಂಪ್ರದಾಯದ ಎಣಿಕೆಯಲ್ಲಿ 1522ರಿಂದ ನಡೆದುಬಂದಿದೆ. ಆ ಎಣಿಕೆಯಂತೆ ವಿಜಯನಗರವು ಬಿದ್ದ ಮರುವರ್ಷವೇ, 1566ರಲ್ಲಿ, ಹಂಪೆಯ ಮನೆಗಳು ಬಾಗಿಲು ತೆರೆದು ಬರಿದಾಗಿ ನಿಂತಿದ್ದಾಗ, ಉಡುಪಿಯಲ್ಲಿ ಪರ್ಯಾಯವಾಯಿತು. ಅಕ್ಷಯಪಾತ್ರೆಯೂ ಸಟ್ಟುಗವೂ ಒಂದು ಕೈಯಿಂದ ಇನ್ನೊಂದು ಕೈಗೆ ಬಂದವು.